ಹಳೆಯ ಪಿಕಪ್ ವಾಹನದ ಖರೀದಿ ಮತ್ತು ದುರಸ್ತಿ

ನಗರಗಳಲ್ಲಿ ಸಣ್ಣ ವ್ಯಾಪಾರವನ್ನು ನಂಬಿ ಬದುಕುವವರಿಗೆ ಸರಕು ಸಾಗಣೆಯ ಖರ್ಚು ನಿತ್ಯದ ಚಿಂತೆ. ವಾಶಿಯ ಸಗಟು ಮಾರುಕಟ್ಟೆಯಿಂದ ತರಕಾರಿ ತರುವವರು, ಚೆನ್ನೈಯ ಕೋಯಂಬೇಡಿನಿಂದ ಹೂವು ಹಣ್ಣು ತರುವವರು, ಹೋಟೆಲುಗಳಿಗೆ ಹಾಲು, ಅಕ್ಕಿ, ತೆಂಗಿನಕಾಯಿ ಒದಗಿಸುವವರು ವರ್ಷಗಟ್ಟಲೆ ಬಾಡಿಗೆ ತೆತ್ತ ಮೇಲೆ ಸ್ವಂತದ್ದೊಂದು ಗಾಡಿ ಬೇಕೆಂದು ಬಯಸುವುದು ಸಹಜ. ಹೊಸ ವಾಹನಕ್ಕೆ ಸಾಲ ಬೇಕು, ಸಾಲಕ್ಕೆ ಜಾಮೀನು ಬೇಕು. ಕೈಯಲ್ಲಿರುವ ಉಳಿತಾಯದೊಳಗೇ ಕೆಲಸ ಮುಗಿಸಬೇಕೆನ್ನುವವರು ಹಳೆಯ ವಾಹನದ ಕಡೆಗೆ ತಿರುಗುತ್ತಾರೆ.

ಪಶ್ಚಿಮ ಭಾರತದಲ್ಲಿ ಇಂತಹ ವಾಹನಗಳಿಗೆಲ್ಲ ‘ಟೆಂಪೊ’ ಎಂಬ ಒಂದೇ ಹೆಸರು ಬಹುಕಾಲ ಬಳಕೆಯಲ್ಲಿತ್ತು. ಪುಣೆಯ ಬಜಾಜ್ ಟೆಂಪೊ ಕಂಪನಿಯ ವಾಹನಗಳಿಂದ ಬಂದ ಆ ಹೆಸರು ಇಂದಿಗೂ ಮಾಸಿಲ್ಲ. 1986ರಲ್ಲಿ ಟಾಟಾ 407 ಬಂದಿತು. 2005ರಲ್ಲಿ ಬಂದ ಟಾಟಾ ಏಸ್ ಎಂಬ ಪುಟ್ಟ ವಾಹನವು ನಗರದ ಸಾಗಣೆಯ ರೀತಿಯನ್ನೇ ಬದಲಾಯಿಸಿತು. ಎರಡು ಸಿಲಿಂಡರುಗಳ ಸಣ್ಣ ಡೀಸೆಲ್ ಎಂಜಿನ್ ಹೊತ್ತ ಈ ಗಾಡಿಯನ್ನು ಮುಂಬಯಿ, ಪುಣೆಗಳಲ್ಲಿ ‘ಛೋಟಾ ಹಾಥಿ’ ಎಂದೂ ತಮಿಳುನಾಡಿನಲ್ಲಿ ‘ಕುಟ್ಟಿ ಯಾನೈ’ ಎಂದೂ ಕರೆಯುತ್ತಾರೆ. ಎರಡಕ್ಕೂ ಅರ್ಥ ಒಂದೇ, ಆನೆಮರಿ. ಮಹೀಂದ್ರದ ಬೊಲೆರೊ ಪಿಕಪ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಇದೇ ಬಗೆಯ ಕೆಲಸದ ಇತರ ವಾಹನಗಳು. ಇವು ಸಾವಿರಾರು ಸಂಖ್ಯೆಯಲ್ಲಿ ರಸ್ತೆಯಲ್ಲಿರುವುದರಿಂದ ಹಳೆಯವು ಸುಲಭವಾಗಿ ದೊರೆಯುತ್ತವೆ, ಬಿಡಿಭಾಗಗಳೂ ದೊರೆಯುತ್ತವೆ, ರಿಪೇರಿ ಬಲ್ಲವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಹಳೆಯ ವಾಹನವನ್ನು ಆರಿಸುವಾಗ ಇದು ಸಣ್ಣ ಅನುಕೂಲವಲ್ಲ. ಅಪರೂಪದ ಮಾದರಿಯೊಂದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅದರ ಒಂದು ಬೇರಿಂಗಿಗಾಗಿ ಹದಿನೈದು ದಿನ ಗಾಡಿ ನಿಂತರೆ ಉಳಿಸಿದ ಹಣ ಉಳಿಯುವುದಿಲ್ಲ.

ಹಳೆಯ ವಾಹನದ ದೋಷಗಳು ಎರಡು ಬಗೆ: ಹಣ ಕೊಟ್ಟರೆ ಸರಿಹೋಗುವಂಥವು, ಹಣ ಕೊಟ್ಟರೂ ಸರಿಹೋಗದಂಥವು. ಎಂಜಿನ್, ಗೇರ್‌ಬಾಕ್ಸ್, ಕ್ಲಚ್, ಬ್ರೇಕು, ಟೈರು, ಬ್ಯಾಟರಿ ಇವೆಲ್ಲ ಮೊದಲನೆಯ ಗುಂಪಿನವು. ತುಕ್ಕು ತಿಂದ ಇಲ್ಲವೆ ಬಿರುಕುಬಿಟ್ಟ ಚಾಸಿಸ್ ಮತ್ತು ಗೊಂದಲದ ಕಾಗದಪತ್ರಗಳು ಎರಡನೆಯ ಗುಂಪಿನವು. ಕೊಳ್ಳಲು ಬರುವವರು ಸಾಮಾನ್ಯವಾಗಿ ಬಣ್ಣ ನೋಡುತ್ತಾರೆ, ಎಂಜಿನ್ ಸದ್ದು ಕೇಳುತ್ತಾರೆ, ಮೀಟರಿನ ಕಿಲೋಮೀಟರು ಓದುತ್ತಾರೆ. ಮಾರುವವನಿಗೆ ಇದು ಚೆನ್ನಾಗಿ ಗೊತ್ತು. ಬಣ್ಣ ಹೊಸದಾಗಿರುತ್ತದೆ, ಎಂಜಿನ್ನು ಮೊದಲೇ ಬಿಸಿಯಾಗಿರುತ್ತದೆ, ಮೀಟರು ಎಷ್ಟು ಬೇಕೋ ಅಷ್ಟೇ ತೋರಿಸುತ್ತದೆ.

ಅಗ್ಗದ ಬೆಲೆಗೆ ಕಾರಣ

ಬೆಲೆ ಕಡಿಮೆ ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಮುಂಗಡ ಕೊಡಬಾರದು. ಕೆಲವು ಕಾರಣಗಳಿಂದ ಹಾನಿಯಿಲ್ಲ. ಮಾಲೀಕನು ದೊಡ್ಡ ವಾಹನ ಕೊಂಡಿರಬಹುದು, ಅಥವಾ ಎಂಜಿನ್ ಹೊಗೆ ಕಾರುತ್ತಿರುವುದರಿಂದ ರಿಪೇರಿಯ ಗೋಜು ಬೇಡವೆಂದು ಮಾರುತ್ತಿರಬಹುದು. ಎರಡನೆಯದು ಕೊಳ್ಳುವವನಿಗೆ ಲಾಭದ ವ್ಯವಹಾರವೂ ಆಗಬಹುದು. ಎಂಜಿನ್ ಕೆಲಸದ ಖರ್ಚನ್ನು ಮೊದಲೇ ಲೆಕ್ಕ ಹಾಕಿ ಬೆಲೆಯಲ್ಲಿ ಕಳೆಯಲು ಅವಕಾಶವಿರುತ್ತದೆ.

ಇತರ ಕಾರಣಗಳು ಅಷ್ಟು ನಿರುಪದ್ರವಿಗಳಲ್ಲ. ಮುಂಬಯಿಯಲ್ಲಿ 2005ರ ಜುಲೈ, ಚೆನ್ನೈಯಲ್ಲಿ 2015ರ ಡಿಸೆಂಬರ್, ಹೈದರಾಬಾದಿನಲ್ಲಿ 2020ರ ಅಕ್ಟೋಬರ್ ತಿಂಗಳ ನೆರೆಗಳಲ್ಲಿ ಅಸಂಖ್ಯ ವಾಹನಗಳು ಮುಳುಗಿದ್ದವು. ದೊಡ್ಡ ನೆರೆಯ ನಂತರದ ತಿಂಗಳುಗಳಲ್ಲಿ ಮುಳುಗಿದ ವಾಹನಗಳು ತೊಳೆದು ಒರೆಸಿಕೊಂಡು ಬೇರೆ ಊರುಗಳ ಮಾರುಕಟ್ಟೆಗೆ ಬರುತ್ತವೆ. ಆಸನದ ಕೆಳಗಿನ ಕಬ್ಬಿಣದ ತುಕ್ಕು, ದೀಪಗಳ ಗಾಜಿನೊಳಗೆ ಉಳಿದ ನೀರಿನ ಗೆರೆ, ವೈರುಗಳ ಜೋಡಣೆಯೊಳಗೆ ಸೇರಿದ ನಯವಾದ ಕೆಸರು, ಇವು ಎಷ್ಟು ತೊಳೆದರೂ ಹೋಗದ ಸಾಕ್ಷಿಗಳು. ಮೀನು ಸಾಗಿಸಿದ ಗಾಡಿಗಳದು ಇನ್ನೊಂದು ಕಥೆ. ಮಂಜುಗಡ್ಡೆ ಕರಗಿ ಉಪ್ಪುನೀರು ಹಲಗೆಯ ಸಂದಿನಿಂದ ಚಾಸಿಸ್ಸಿಗೆ ದಿನವೂ ತೊಟ್ಟಿಕ್ಕಿರುತ್ತದೆ. ಕಡಲತೀರದ ಊರುಗಳಲ್ಲಿ ಗಾಳಿಯೇ ಉಪ್ಪು. ಅದರ ಮೇಲೆ ಇದೂ ಸೇರಿದರೆ ಆರೇಳು ವರ್ಷದ ಗಾಡಿಯ ಅಡಿಭಾಗ ಇಪ್ಪತ್ತು ವರ್ಷದ್ದರಂತೆ ಆಗಿರುತ್ತದೆ.

ದೆಹಲಿಯ ಹಳೆಯ ಡೀಸೆಲ್ ವಾಹನಗಳ ಅಗ್ಗದ ಬೆಲೆಗೆ ಕಾರಣ ವಾಹನದೊಳಗೆ ಇಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರ ಏಪ್ರಿಲ್‌ನಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳು ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ ಓಡಬಾರದೆಂದು ಆದೇಶಿಸಿತು. 2018ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದರ ಜಾರಿಗೆ ಸೂಚಿಸಿತು. 2025ರಲ್ಲಿ ವಿಷಯವು ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂದು ಕ್ರಮದ ವ್ಯಾಪ್ತಿ ಬದಲಾಯಿತು. ಅಲ್ಲಿಯ ವಾಹನವನ್ನು ಕೊಂಡು ಊರಿಗೆ ಒಯ್ಯಲು ಇಚ್ಛಿಸುವವರು, ಊರಿನ ಸಾರಿಗೆ ಕಚೇರಿಯು ಆ ವಯಸ್ಸಿನ ವಾಹನವನ್ನು ನೋಂದಾಯಿಸಿಕೊಳ್ಳುವುದೇ ಎಂದು ಮೊದಲು ವಿಚಾರಿಸಬೇಕು, ಅನಂತರ ರೈಲಿನ ಟಿಕೆಟು ತೆಗೆಸಬೇಕು.

ಸರ್ಕಾರಿ ಇಲಾಖೆಗಳ ಹಳೆಯ ಜೀಪು, ಪಿಕಪ್ಪುಗಳನ್ನು ಹರಾಜಿನಲ್ಲಿ ಕೊಳ್ಳುವ ಪದ್ಧತಿ ಹಿಂದೆ ಬಹಳವಿತ್ತು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ. ಅವು ಅಧಿಕೃತ ಗುಜರಿ ಕೇಂದ್ರಕ್ಕೇ ಹೋಗಬೇಕು. ಅಂತಹ ವಾಹನವನ್ನು ‘ಹರಾಜಿನ ಗಾಡಿ’ ಎಂದು ತೋರಿಸುವವರ ಮಾತನ್ನು ನಂಬಬಾರದು.

ಅಡಿಭಾಗದ ಪರೀಕ್ಷೆ

ಪರೀಕ್ಷೆ ಹಗಲಿನಲ್ಲಿ, ಒಣಗಿದ ನೆಲದ ಮೇಲೆ, ಖಾಲಿ ವಾಹನದ ಮೇಲೆ ನಡೆಯಬೇಕು. ಮಳೆಯಲ್ಲಿ ನೆನೆದ ಬಣ್ಣ ಎಲ್ಲ ವಾಹನಗಳನ್ನೂ ಸುಂದರವಾಗಿ ತೋರಿಸುತ್ತದೆ. ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಟಾರ್ಚು, ಸಣ್ಣ ಸುತ್ತಿಗೆ, ಹಾಸಿ ಮಲಗಲು ಒಂದು ಗೋಣಿ. ಹಣ ಕೊಟ್ಟಾದರೂ ಸರಿ, ಪರಿಚಯದ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗುವುದು ಲೇಸು. ಆತನು ಮಾರುವವನ ಗ್ಯಾರೇಜಿನವನಾಗಿರಕೂಡದು.

ಸರಕು ವಾಹನದ ಚಾಸಿಸ್ಸು ಏಣಿಯ ಆಕಾರದ್ದು. ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡ ಪಟ್ಟಿಗಳು. ಹೊರೆಯೆಲ್ಲ ಇದರ ಮೇಲೆ. ಸ್ಪ್ರಿಂಗ್ ಪಟ್ಟಿಗಳನ್ನು ಚಾಸಿಸ್ಸಿಗೆ ಹಿಡಿದಿರುವ ಕೊಂಡಿಗಳ ಸುತ್ತ, ಅಡ್ಡ ಪಟ್ಟಿಗಳು ತೊಲೆಗೆ ಸೇರುವ ಮೂಲೆಗಳಲ್ಲಿ, ಚಾಲಕನ ಕ್ಯಾಬಿನ್ ಮುಗಿದು ಸರಕಿನ ಬಾಡಿ ಆರಂಭವಾಗುವ ಜಾಗದಲ್ಲಿ ಬಿರುಕುಗಳು ಮೊದಲು ಕಾಣಿಸಿಕೊಳ್ಳುತ್ತವೆ. ಮಿತಿ ಮೀರಿ ಹೊರೆ ಹೇರಿದ ಗಾಡಿಯ ಸೊಂಟ ಮುರಿಯುವುದು ಈ ಕೊನೆಯ ಜಾಗದಲ್ಲಿಯೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಉಕ್ಕು ಗಣಗಣ ಎನ್ನುತ್ತದೆ. ತುಕ್ಕು ಒಳಗಿನಿಂದ ತಿಂದ ಕಡೆ ಸದ್ದು ಬೊದ್ದಾಗಿ ಕೇಳುತ್ತದೆ, ಚಕ್ಕೆಗಳು ಉದುರುತ್ತವೆ. ಮೇಲ್ಮೈಯಲ್ಲಿ ತೆಳುವಾಗಿ ಹರಡಿದ ಕೆಂಪು ತುಕ್ಕಿನಿಂದ ಭಯವಿಲ್ಲ. ಅದನ್ನು ಕೆರೆದು ಬಣ್ಣ ಬಳಿದರಾಯಿತು. ಪದರಪದರವಾಗಿ ಏಳುವ ತುಕ್ಕು ಬೇರೆ.

ಅಡಿಭಾಗಕ್ಕೆ ಈಚೆಗೆ ಬಳಿದ ದಪ್ಪ ಕಪ್ಪು ಬಣ್ಣ ಕಂಡರೆ ಸಂಶಯ ಹುಟ್ಟಬೇಕು. ಹತ್ತು ವರ್ಷ ದುಡಿದ ವಾಹನದ ಹೊಟ್ಟೆಯಡಿ ಧೂಳು, ಗ್ರೀಸು, ಕೆಸರು ಇರುವುದೇ ಸ್ವಾಭಾವಿಕ. ಬೆಸುಗೆಯ ಗುರುತುಗಳನ್ನೂ ಹುಡುಕಬೇಕು. ಕಾರ್ಖಾನೆಯ ಬೆಸುಗೆ ನೇರವಾಗಿ, ಸಮನಾಗಿ ಇರುತ್ತದೆ; ಗ್ಯಾರೇಜಿನ ಬೆಸುಗೆ ಗಂಟುಗಂಟಾಗಿ ಕಾಣುತ್ತದೆ. ಬಿರುಕಿನ ಮೇಲೆ ತೇಪೆ ಹಾಕಿದ ಚಾಸಿಸ್ಸು ಕೆಲವು ತಿಂಗಳಲ್ಲಿ ತೇಪೆಯ ಪಕ್ಕದಲ್ಲಿ ಮತ್ತೆ ಬಿರಿಯುವುದುಂಟು. ಬೆಸುಗೆಯ ಶಾಖದಿಂದ ಅಲ್ಲಿಯ ಉಕ್ಕಿನ ಗುಣ ಕೆಡುವುದು ಇದಕ್ಕೆ ಕಾರಣ. ಇಂತಹ ವಾಹನವನ್ನು ಯಾವ ಬೆಲೆಗೂ ಕೊಳ್ಳದಿರುವುದೇ ಸರಿ.

ವಾಹನವು ಹಿಂದೆ ಅಪಘಾತಕ್ಕೆ ಸಿಕ್ಕಿದೆಯೇ ಎಂಬುದನ್ನು ತಿಳಿಯಲು ಒಂದು ಸರಳ ಉಪಾಯವಿದೆ. ಸಮತಟ್ಟಾದ ನೇರ ರಸ್ತೆಯಲ್ಲಿ ಬೇರೊಬ್ಬರು ಓಡಿಸುವಾಗ ಹಿಂದಿನಿಂದ ಗಮನಿಸಬೇಕು. ಹಿಂಚಕ್ರಗಳು ಮುಂಚಕ್ರಗಳ ಜಾಡಿನಲ್ಲಿ ಬಾರದೆ ವಾಹನವು ಏಡಿಯಂತೆ ಓರೆಯಾಗಿ ಚಲಿಸುತ್ತಿದ್ದರೆ ಚೌಕಟ್ಟು ಅಥವಾ ಆಕ್ಸಲ್ ಸ್ಥಾನ ತಪ್ಪಿದೆ. ಟೈರುಗಳೂ ಇದೇ ಮಾತನ್ನು ಹೇಳುತ್ತವೆ. ಒಂದು ಅಂಚು ಮಾತ್ರ ಸವೆದಿದ್ದರೆ ಅದರ ಕಾರಣವನ್ನು ಟೈರಿನಲ್ಲಲ್ಲ, ಮೇಲೆ ಹುಡುಕಬೇಕು. ಟೈರಿನ ಪಕ್ಕೆಯ ಮೇಲೆ ಒತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. ಮಾರಾಟಕ್ಕೆಂದು ಹಾಕಿದ ‘ಹೊಸ’ ಟೈರಿನ ಹುಟ್ಟು ಎಂಟು ವರ್ಷ ಹಿಂದಿನದಾಗಿರಬಹುದು.

ಎಂಜಿನ್ನು

ನೋಡಲು ಹೋಗುವ ದಿನ ವಾಹನವನ್ನು ಮೊದಲೇ ಚಾಲೂ ಮಾಡಬಾರದೆಂದು ತಿಳಿಸಿ, ಹೋದ ಕೂಡಲೇ ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಬೇಕು. ಟಾಟಾ ಏಸ್‌ನಲ್ಲಿ ಎಂಜಿನ್ ಇರುವುದು ಆಸನದ ಕೆಳಗೆ. ತಣ್ಣಗಿರುವ ಎಂಜಿನ್ ಸೋಮಾರಿತನ ಮಾಡದೆ ಹತ್ತಿಕೊಂಡರೆ ಅದು ಒಳ್ಳೆಯ ಲಕ್ಷಣ. ಹೊಗೆಯ ಬಣ್ಣದಿಂದ ರೋಗ ತಿಳಿಯುತ್ತದೆ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ನಾಜಲ್ಲು ಅಥವಾ ಡೀಸೆಲ್ ಪಂಪಿನ ದೋಷ, ಇದು ಹೆಚ್ಚಿನ ಖರ್ಚಿನದಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಯು ನೀರು ಸಿಲಿಂಡರಿಗೆ ಇಳಿಯುತ್ತಿರುವುದನ್ನು ಸೂಚಿಸಬಹುದು. ಚಾಲೂ ಇರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಎಚ್ಚರಿಕೆಯಿಂದ ತೆಗೆದರೆ, ಪಿಸ್ಟನ್ ರಿಂಗು ಸವೆದ ಎಂಜಿನ್ನಿನಿಂದ ಗಾಳಿ ಹೊಗೆ ಬುಸುಬುಸು ಎಂದು ಹೊರಬರುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಮುಚ್ಚಳದ ಒಳಗೆ ಕೆನೆಯಂತಹ ಪದಾರ್ಥ ಅಂಟಿದ್ದರೆ ಆಯಿಲಿನಲ್ಲಿ ನೀರು ಬೆರೆತಿದೆ.

ಓಡಿಸಿ ನೋಡುವಾಗ ಸ್ವಲ್ಪ ಏರು ಇರುವ ರಸ್ತೆ ಮತ್ತು, ಸಾಧ್ಯವಾದರೆ, ಒಂದಿಷ್ಟು ಹೊರೆ ಇರಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರು ತಾನಾಗಿ ಹೊರಬೀಳುವುದು, ಏರಿನಲ್ಲಿ ಎಂಜಿನ್ ಕೂಗಿದರೂ ವಾಹನ ಮುಂದೆ ಸಾಗದಿರುವುದು, ಸ್ಟೀರಿಂಗನ್ನು ಬಹಳ ತಿರುಗಿಸಿದ ಮೇಲೆ ಚಕ್ರ ತಿರುಗುವುದು, ಇವೆಲ್ಲ ರಿಪೇರಿಯಾಗುವ ದೋಷಗಳೇ. ಪ್ರತಿಯೊಂದನ್ನೂ ಬರೆದುಕೊಂಡು, ಗ್ಯಾರೇಜಿನಲ್ಲಿ ವಿಚಾರಿಸಿ, ಒಟ್ಟು ಮೊತ್ತವನ್ನು ಮಾರುವವನ ಮುಂದೆ ಇಡುವುದು ನ್ಯಾಯವಾದ ಚೌಕಾಶಿ. ಕೈಯಲ್ಲಿ 3 ಲಕ್ಷ ರೂಪಾಯಿ ಇರುವ ವ್ಯಾಪಾರಿಯು ಎರಡೂಮುಕ್ಕಾಲು ಲಕ್ಷದ ಹೊಳೆಯುವ ಗಾಡಿಗಿಂತ, ಚಾಸಿಸ್ಸು ಗಟ್ಟಿಯಾಗಿದ್ದು ಎಂಜಿನ್ ಸೋತಿರುವ ಒಂದೂಮುಕ್ಕಾಲು ಲಕ್ಷದ ಗಾಡಿಯನ್ನು ಆರಿಸುವುದು ಸಾಮಾನ್ಯವಾಗಿ ಜಾಣತನ. ಮೊದಲನೆಯದರಲ್ಲಿ ಮುಂದಿನ ತಿಂಗಳ ರಿಪೇರಿಗೆ ಹಣ ಉಳಿದಿರುವುದಿಲ್ಲ, ರಿಪೇರಿಯಾದರೋ ಬಂದೇ ಬರುತ್ತದೆ.

ಕಾಗದಪತ್ರಗಳು

ಹಳೆಯ ಸರಕು ವಾಹನಗಳ ವ್ಯವಹಾರದಲ್ಲಿ ಒಂದು ಕೆಟ್ಟ ರೂಢಿ ಬೇರೂರಿದೆ. ಮಾರುವವನು ಖಾಲಿ ನಮೂನೆಗಳಿಗೆ ಸಹಿ ಹಾಕಿ ಆರ್.ಸಿ.ಯೊಂದಿಗೆ ಕೊಟ್ಟುಬಿಡುತ್ತಾನೆ, ಕೊಂಡವನು ಹೆಸರು ಬದಲಾಯಿಸದೆ ವರ್ಷ ಓಡಿಸಿ ಇನ್ನೊಬ್ಬನಿಗೆ ದಾಟಿಸುತ್ತಾನೆ. ಗಾಡಿ ನಾಲ್ಕು ಕೈ ದಾಟಿದರೂ ದಾಖಲೆಯಲ್ಲಿ ಮೊದಲನೆಯವನ ಹೆಸರೇ ಇರುತ್ತದೆ. ಶುಲ್ಕ ಉಳಿಯಿತೆಂದು ಎಲ್ಲರಿಗೂ ಸಮಾಧಾನ. ಆ ಸಮಾಧಾನ ಅಪಘಾತವಾಗುವವರೆಗೆ ಮಾತ್ರ. ಹೀಗೆಯೇ ಕೈಯಿಂದ ಕೈಗೆ ದಾಟಿದ್ದ ವಾಹನವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರುವರಿಯಲ್ಲಿ ಸ್ಪಷ್ಟವಾದ ತೀರ್ಪು ನೀಡಿತು. ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು, ಪರಿಹಾರದ ಹೊಣೆ ಅವರದೇ. ವರ್ಷಗಳ ಹಿಂದೆ ಮಾರಿ ಮರೆತ ಗಾಡಿಗಾಗಿ ಮನೆಯೇ ಹರಾಜಿಗೆ ಬರಬಹುದಾದ ಸ್ಥಿತಿ ಇದು. ಮಾರುವವರಿಗೆ ಇಷ್ಟು ಅಪಾಯವಿದ್ದರೆ, ಕೊಳ್ಳುವವರಿಗೆ ತಮ್ಮ ಹಣ ಕೊಟ್ಟ ಗಾಡಿಯ ಮೇಲೆ ದಾಖಲೆಯ ಹಕ್ಕೇ ಇರುವುದಿಲ್ಲ. ವಾಹನ ಕಳುವಾದರೆ ದೂರು ಕೊಡುವುದೂ, ವಿಮೆಯ ಹಣ ಕೇಳುವುದೂ ಕಷ್ಟ.

ಮೋಟಾರು ವಾಹನಗಳ ಅಧಿನಿಯಮ, 1988ರ 50ನೆಯ ಪ್ರಕರಣದ ಪ್ರಕಾರ ಅದೇ ರಾಜ್ಯದೊಳಗೆ ಮಾರಿದವರು 14 ದಿನಗಳೊಳಗೆ, ಬೇರೆ ರಾಜ್ಯದ ವ್ಯವಹಾರವಾದರೆ 45 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಕೊಂಡವರಿಗೆ 30 ದಿನಗಳ ಅವಧಿಯಿದೆ. ಮಾರಾಟದ ಸೂಚನೆಗೆ ನಮೂನೆ 29, ವರ್ಗಾವಣೆಯ ಅರ್ಜಿಗೆ ನಮೂನೆ 30. ವಾಹನವು ಬೇರೆ ರಾಜ್ಯಕ್ಕೆ ಹೋಗುವುದಾದರೆ ಮೊದಲಿನ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಮುಂಬಯಿಯಲ್ಲಿ ಕೊಂಡ ಗಾಡಿಯನ್ನು ವಿಜಯಪುರಕ್ಕೋ ಕಲಬುರಗಿಗೋ ಒಯ್ಯುವವರು ಕರ್ನಾಟಕದ ರಸ್ತೆ ತೆರಿಗೆಯನ್ನು ಹೊಸದಾಗಿ ಕಟ್ಟಬೇಕಾಗುತ್ತದೆ ಎಂಬುದನ್ನು ಬೆಲೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಸಾಲದ ಮೇಲೆ ಕೊಂಡ ವಾಹನವಾಗಿದ್ದರೆ ಆರ್.ಸಿ.ಯಲ್ಲಿ ಹಣಕಾಸು ಸಂಸ್ಥೆಯ ಹೆಸರು ಇರುತ್ತದೆ. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಸಂಸ್ಥೆಯು ಸಹಿ ಮಾಡಿದ ನಮೂನೆ 35 ಬೇಕು. ಮಾಲೀಕನು ತೀರಿಕೊಂಡಿದ್ದರೆ ವಾರಸುದಾರರು ನಮೂನೆ 31ರ ಮೂಲಕ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಮಾರಬೇಕು.

ಚಾಸಿಸ್ಸಿನ ಮೇಲೆ ಕೆತ್ತಿದ ಸಂಖ್ಯೆಯನ್ನು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು ಆರ್.ಸಿ.ಯೊಂದಿಗೆ ಹೋಲಿಸುವುದು ಹಳೆಯ ಪದ್ಧತಿ, ಇಂದಿಗೂ ಅದಕ್ಕಿಂತ ಉತ್ತಮವಾದುದಿಲ್ಲ. ಎಂಜಿನ್ ಬದಲಾಗಿದ್ದರೆ ಹೊಸ ಸಂಖ್ಯೆ ಆರ್.ಸಿ.ಯಲ್ಲಿ ದಾಖಲಾಗಿರಬೇಕು. ಬಾಕಿ ದಂಡ, ತೆರಿಗೆ, ವಿಮೆ, ಅರ್ಹತಾ ಪತ್ರಗಳ ವಿವರವನ್ನು ಕೇಂದ್ರ ಸಾರಿಗೆ ಸಚಿವಾಲಯದ ‘ಪರಿವಾಹನ್’ ಜಾಲತಾಣದಲ್ಲಿ ನೋಡಬಹುದು. ಕಳುವಾದ ವಾಹನವೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ‘ವಾಹನ್ ಸಮನ್ವಯ್’ ಸೇವೆಯಲ್ಲಿ ಪರಿಶೀಲಿಸಬಹುದು. ದಲ್ಲಾಳಿ ಅಂಗಡಿಯಿಂದ ಕೊಳ್ಳುವವರು ಇನ್ನೊಂದು ಪ್ರಶ್ನೆ ಕೇಳಬೇಕು. 2023ರ ಏಪ್ರಿಲ್‌ನಿಂದ ಹಳೆಯ ವಾಹನಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕೃತತೆಯ ಪ್ರಮಾಣಪತ್ರ ಪಡೆದಿರಬೇಕೆಂಬ ನಿಯಮವಿದೆ. ಅದನ್ನು ತೋರಿಸಲು ಹಿಂಜರಿಯುವ ಅಂಗಡಿಯಿಂದ ಹಿಂದಿರುಗುವುದೇ ಒಳಿತು.

ವಿಮೆಯ ವಿಷಯದಲ್ಲಿ 157ನೆಯ ಪ್ರಕರಣವು ಮೂರನೆಯವರಿಗಾಗುವ ಹಾನಿಯ ರಕ್ಷಣೆಯನ್ನು ಹೊಸ ಮಾಲೀಕನಿಗೆ ವರ್ಗವಾದಂತೆಯೇ ಭಾವಿಸುತ್ತದೆ. ಆದರೆ 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು. ವಾಹನಕ್ಕೇ ಆಗುವ ಹಾನಿಯ ರಕ್ಷಣೆ ಹೀಗೆ ತಾನಾಗಿ ವರ್ಗವಾಗುವುದಿಲ್ಲ. ರಹದಾರಿಯ ವಿಷಯ ಸುಲಭ. ಹೊರೆಯೂ ಸೇರಿ ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಸರಕು ವಾಹನಕ್ಕೆ ಅಧಿನಿಯಮದ 66ನೆಯ ಪ್ರಕರಣದಡಿ ರಹದಾರಿ ಬೇಕಿಲ್ಲ. ಆ ತೂಕವನ್ನು ಆರ್.ಸಿ.ಯಲ್ಲಿಯೇ ಓದಬೇಕು, ದಲ್ಲಾಳಿಯ ಬಾಯಿಂದ ಕೇಳಬಾರದು. ಹಗುರ ಮೋಟಾರು ವಾಹನದ ಚಾಲನಾ ಪರವಾನಗಿ ಇರುವವರು 7,500 ಕಿಲೋಗ್ರಾಂ ಒಟ್ಟು ತೂಕದವರೆಗಿನ ಸರಕು ವಾಹನವನ್ನು ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್‌ನಲ್ಲಿ ತೀರ್ಪಿತ್ತಿದೆ.

ದುರಸ್ತಿಯ ಕ್ರಮ

ವಾಹನ ಮನೆಗೆ ಬಂದ ಕೂಡಲೇ ಬಣ್ಣದ ಅಂಗಡಿಗೆ ಹೋಗುವುದು, ಸೀಟಿಗೆ ಹೊಸ ಹೊದಿಕೆ ಹಾಕಿಸುವುದು ಬಹುಜನರ ರೂಢಿ. ಹಣವೂ ಉತ್ಸಾಹವೂ ಮೊದಲ ತಿಂಗಳಲ್ಲಿ ಹೆಚ್ಚಿರುವುದರಿಂದ ಅವು ಮೊದಲು ಬ್ರೇಕಿಗೆ ಸಲ್ಲಬೇಕು. ನಾಲ್ಕೂ ಚಕ್ರಗಳನ್ನು ಬಿಚ್ಚಿ ಲೈನರು, ಸಿಲಿಂಡರುಗಳ ರಬ್ಬರು, ಲೋಹದ ಸಣ್ಣ ಕೊಳವೆಗಳನ್ನು ನೋಡಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ವರ್ಷಗಟ್ಟಲೆ ಬದಲಾಯಿಸದಿದ್ದರೆ ಘಟ್ಟದ ಇಳಿಜಾರಿನಲ್ಲಿ ಬಿಸಿಯಾಗಿ ಕೈಕೊಡುತ್ತದೆ. ಹಳೆಯದನ್ನು ಪೂರ್ತಿ ಹೊರತೆಗೆದು ಹೊಸದನ್ನು ತುಂಬಬೇಕು. ಇದರ ಜಾಗದಲ್ಲಿ ಬೇರೆ ಯಾವ ಎಣ್ಣೆ ಸುರಿದರೂ ರಬ್ಬರು ಉಬ್ಬಿ ಬ್ರೇಕು ಹಿಡಿದುಕೊಳ್ಳುತ್ತದೆ. ಬ್ರೇಕಿನ ಬೆನ್ನಿಗೆ ಸ್ಟೀರಿಂಗಿನ ಕೀಲುಗಳು, ಚಕ್ರಗಳ ಬೇರಿಂಗು, ಟೈರುಗಳು. ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ರೀಸೋಲ್ ಟೈರನ್ನು ಮುಂಚಕ್ರಕ್ಕೆ ಹಾಕದಿರುವುದು ಕ್ಷೇಮ.

ಅನಂತರ ತಂಪುಗೊಳಿಸುವ ವ್ಯವಸ್ಥೆ. ರೇಡಿಯೇಟರು, ಹೋಸು ಕೊಳವೆ, ಬೆಲ್ಟು, ಥರ್ಮೋಸ್ಟ್ಯಾಟ್ ಇವುಗಳ ಒಟ್ಟು ಖರ್ಚು ಒಂದು ಎಂಜಿನ್ ಕೆಲಸದ ಮುಂದೆ ಏನೂ ಅಲ್ಲ. ಇವನ್ನು ಅಲಕ್ಷಿಸಿದವರೇ ಆ ಎಂಜಿನ್ ಕೆಲಸವನ್ನು ಮಾಡಿಸಬೇಕಾಗುತ್ತದೆ. ಬೇಸಿಗೆಯ ಹೈದರಾಬಾದಿನಲ್ಲಿ ಹೊರೆ ಹೊತ್ತು ನಿಂತ ವಾಹನದಟ್ಟಣೆಯಲ್ಲಿ ಸೋರುವ ರೇಡಿಯೇಟರು ಒಂದು ಮಧ್ಯಾಹ್ನದಲ್ಲಿ ಹೆಡ್ಡನ್ನು ಸೊಟ್ಟಗಾಗಿಸಬಲ್ಲುದು.

ಎಂಜಿನ್ ಬಿಚ್ಚುವುದೇ ಅನಿವಾರ್ಯವಾದರೆ ಅರ್ಧ ಕೆಲಸಕ್ಕೆ ಒಪ್ಪಬಾರದು. ಹಳೆಯ, ಅಂಡಾಕಾರಕ್ಕೆ ಸವೆದ ಸಿಲಿಂಡರಿನಲ್ಲಿ ಬರಿಯ ರಿಂಗು ಬದಲಾಯಿಸಿದರೆ ಕೆಲವು ತಿಂಗಳು ಹೊಗೆ ನಿಂತು ಮತ್ತೆ ಬರುತ್ತದೆ. ಸಿಲಿಂಡರನ್ನು ಅಳೆದು ನೋಡಿಸಿ, ಅಗತ್ಯವಿದ್ದರೆ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬೇಕು. ಲೈನರ್ ಇರುವ ಎಂಜಿನ್ನಾದರೆ ಲೈನರನ್ನೇ ಬದಲಾಯಿಸಬಹುದು. ನಾಜಲ್ಲುಗಳನ್ನು ಡೀಸೆಲ್ ಪಂಪಿನ ಕೆಲಸದವರಲ್ಲಿ ಪರೀಕ್ಷಿಸಿ ಕೂಡಿಸಬೇಕು. ಗ್ಯಾರೇಜಿಗೆ ಒಪ್ಪಿಸುವ ಮೊದಲೇ ಕೆಲಸದ ಪಟ್ಟಿ, ಮಜೂರಿ, ಮುಗಿಸುವ ದಿನ ಇವುಗಳನ್ನು ಕಾಗದದ ಮೇಲೆ ಬರೆಸಿಕೊಳ್ಳುವುದು, ಬದಲಾಯಿಸಿದ ಹಳೆಯ ಭಾಗಗಳನ್ನು ಹಿಂದಕ್ಕೆ ಕೇಳುವುದು ಸಂಕೋಚಪಡಬೇಕಾದ ವಿಷಯಗಳಲ್ಲ. ಒಳ್ಳೆಯ ಮೆಕ್ಯಾನಿಕ್‌ಗಳು ಕೇಳುವ ಮೊದಲೇ ಕೊಡುತ್ತಾರೆ.

ಬಳಸಿದ ಬಿಡಿಭಾಗಗಳಿಗೆ ಪ್ರತಿಯೊಂದು ನಗರದಲ್ಲಿಯೂ ಹೆಸರಾದ ಮಾರುಕಟ್ಟೆಗಳಿವೆ: ಮುಂಬಯಿಯ ಕುರ್ಲಾ, ಚೆನ್ನೈಯ ಪುದುಪೇಟೆ, ದೆಹಲಿಯ ಮಾಯಾಪುರಿ, ಹೈದರಾಬಾದಿನ ಆಟೊನಗರ. ಹೊಸ ಭಾಗಗಳಿಗೆ ಪುಣೆಯ ನಾನಾಪೇಠ, ದೆಹಲಿಯ ಕಾಶ್ಮೀರಿ ಗೇಟು ಪ್ರಸಿದ್ಧ. ಬಾಗಿಲು, ಗಾಜು, ದೀಪ, ಬಂಪರು, ಸೀಟು, ಗೇರ್‌ಬಾಕ್ಸಿನ ಕವಚ ಇಂಥವುಗಳನ್ನು ಗುಜರಿಯಿಂದ ತಂದರೆ ನಷ್ಟವಿಲ್ಲ, ಹಣ ಗಣನೀಯವಾಗಿ ಉಳಿಯುತ್ತದೆ. ಬ್ರೇಕಿನ ಭಾಗ, ಸ್ಟೀರಿಂಗಿನ ಕೀಲು, ಬೇರಿಂಗು, ರಬ್ಬರಿನ ವಸ್ತುಗಳು ಹೊಸವೇ ಆಗಿರಬೇಕು. ಗುಜರಿಯಿಂದ ಇಡೀ ಎಂಜಿನ್ ತರುವವರು ಬಿಲ್ಲು ಮತ್ತು ಮೂಲ ವಾಹನದ ದಾಖಲೆ ಇಲ್ಲದೆ ಮುಟ್ಟಬಾರದು. ಕಳವಿನ ಎಂಜಿನ್ ಸಿಕ್ಕಿಬೀಳುವುದು ಅದನ್ನು ಹೊತ್ತ ಗಾಡಿಯಲ್ಲಿ, ಮಾರಿದ ಅಂಗಡಿಯಲ್ಲಲ್ಲ.

ದುರಸ್ತಿಯ ಸಡಗರದಲ್ಲಿ ವಾಹನದ ರೂಪ ಬದಲಾಯಿಸುವ ಆಸೆ ಹುಟ್ಟುವುದುಂಟು. ಸರಕಿನ ಬಾಡಿಯನ್ನು ಒಂದಡಿ ಹಿಂದಕ್ಕೆ ಬೆಳೆಸುವುದು, ಪಕ್ಕದ ತಗಡು ಎತ್ತರಿಸುವುದು, ಸ್ಪ್ರಿಂಗಿಗೆ ಎರಡು ಪಟ್ಟಿ ಹೆಚ್ಚಿಗೆ ಸೇರಿಸುವುದು ಇಂತಹವು. ನೋಂದಣಿಯ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವುದನ್ನು 52ನೆಯ ಪ್ರಕರಣ ನಿಷೇಧಿಸುತ್ತದೆ. ಪಟ್ಟಿ ಸೇರಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ, ನಿಜ. ಆದರೆ ಬ್ರೇಕು, ಆಕ್ಸಲ್, ಟೈರುಗಳು ಮೊದಲಿನವೇ. ಹೆಚ್ಚು ಹೊರೆಗೆ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿಯಾದ ಪ್ರತಿ ಟನ್ನಿಗೆ 2,000 ರೂಪಾಯಿ. ಸಣ್ಣ ಗಾಡಿಯ ಒಂದು ತಿಂಗಳ ಲಾಭ ಒಂದು ದಿನದಲ್ಲಿ ಹೋಗುತ್ತದೆ. ಮುಂಬಯಿ, ಪುಣೆ, ದೆಹಲಿಗಳಲ್ಲಿ ಸಿ.ಎನ್.ಜಿ. ಅನಿಲದ ವಾಹನ ಕೊಳ್ಳುವವರು ಸಿಲಿಂಡರಿನ ಮೇಲಿನ ಪರೀಕ್ಷೆಯ ದಿನಾಂಕವನ್ನು ನೋಡಬೇಕು. ಈ ಸಿಲಿಂಡರುಗಳ ಒತ್ತಡ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ನಡೆಯಬೇಕು. ಅನಿಲದ ಬಳಕೆಯೂ ಆರ್.ಸಿ.ಯಲ್ಲಿ ದಾಖಲಾಗಿರಬೇಕು.

ಬಣ್ಣ ಮತ್ತು ಟಿಂಕರಿಂಗ್ ಕೊನೆಯ ಸರದಿ. ತುಕ್ಕು ಹಿಡಿದ ತಗಡಿನ ಮೇಲೆ ಪುಟ್ಟಿ ತುಂಬಿ ನಯಮಾಡಿದ ಕೆಲಸ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಬಣ್ಣವನ್ನೇ ಬದಲಾಯಿಸುವುದಾದರೆ ಆರ್.ಸಿ.ಯಲ್ಲಿಯೂ ಬದಲಾಯಿಸಬೇಕಾಗುತ್ತದೆ, ಮೊದಲಿನ ಬಣ್ಣವನ್ನೇ ಉಳಿಸಿಕೊಳ್ಳುವುದು ಸುಲಭ.

ಹೀಗೆ ಸಜ್ಜಾದ ವಾಹನವು ಗ್ಯಾರೇಜುಗಳಲ್ಲಿ ‘ಎಫ್.ಸಿ.’ ಎಂದು ಕರೆಯುವ ಅರ್ಹತಾ ಪತ್ರದ ಪರೀಕ್ಷೆಗೆ ಹೋಗಬೇಕು. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷವೂ ಈ ಪತ್ರ ಬೇಕು. ವಾಹನ ಹಳತಾದಂತೆ ಶುಲ್ಕ ಏರುತ್ತದೆ. 15 ವರ್ಷ ಮೀರಿದ ಮೇಲೆ ಅದು ವರ್ಷದ ಖರ್ಚಿನಲ್ಲಿ ದೊಡ್ಡ ಬಾಬತ್ತೇ ಆಗುತ್ತದೆ. ಆದ್ದರಿಂದ ಹದಿಮೂರು ಹದಿನಾಲ್ಕು ವರ್ಷದ ಗಾಡಿಗೆ ದೊಡ್ಡ ಮೊತ್ತದ ಎಂಜಿನ್ ಕೆಲಸ ಮಾಡಿಸುವ ಮುನ್ನ, ಅದು ಇನ್ನೆಷ್ಟು ವರ್ಷ ಓಡಬಹುದೆಂದು ಲೆಕ್ಕ ಹಾಕಬೇಕು. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಲ್ಲಿ ಬ್ರೇಕಿನ ಬಲವನ್ನು ಯಂತ್ರವೇ ಅಳೆಯುತ್ತದೆ. ಅಲ್ಲಿ ಮಾತುಕತೆಗೆ ಎಡೆಯಿಲ್ಲ. ಓಡಿಸಲಾಗದ ಗಾಡಿಯನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆದರೆ, ಅದರ ಆಧಾರದ ಮೇಲೆ ಕೊಳ್ಳುವ ಹೊಸ ಸಾರಿಗೆ ವಾಹನದ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿ ನೀಡಲು ಕೇಂದ್ರದ ನಿಯಮಗಳಲ್ಲಿ ಅವಕಾಶವಿದೆ.

ಎಂಜಿನ್ ಬಿಚ್ಚಿ ಕೂಡಿಸಿದ ವಾಹನಕ್ಕೆ ಮೊದಲ ಒಂದು ಸಾವಿರ ಕಿಲೋಮೀಟರು ಅರ್ಧ ಹೊರೆ ಸಾಕು. ದಿನವೂ ಬೆಳಿಗ್ಗೆ ನೀರು, ಆಯಿಲಿನ ಮಟ್ಟವನ್ನು ನೋಡಿ, ಒಂದು ಸಾವಿರ ಕಿಲೋಮೀಟರು ಮುಗಿದಾಗ ಆಯಿಲ್ ಮತ್ತು ಫಿಲ್ಟರು ಬದಲಾಯಿಸಿ, ಹೆಡ್ಡಿನ ಬೋಲ್ಟುಗಳನ್ನು ತಯಾರಕರು ಹೇಳಿದ ಅಳತೆಗೆ ಸರಿಯಾಗಿ ಪರೀಕ್ಷಿಸಿದ ಬಳಿಕ ಪೂರ್ಣ ಹೊರೆಗೆ ಹಚ್ಚಬಹುದು.